ವಿದ್ಯುತ್ ಸೈಕಲ್ಲು: ಸವಾರಿ, ದುರಸ್ತಿ ಮತ್ತು ಆರೋಗ್ಯ

ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲು ಗುಮಾಸ್ತರ, ಮೇಷ್ಟರ ವಾಹನವಾಗಿತ್ತು. ಸ್ಕೂಟರು ಬಂದು ಅದನ್ನು ಮೂಲೆಗೆ ನೂಕಿತು. ಅನಂತರ ಬಂದ ಕಾರು ನಮ್ಮನ್ನು ಕುರ್ಚಿಯಿಂದ ಕುರ್ಚಿಗೆ ಸಾಗಿಸತೊಡಗಿತು. ಇದರ ಫಲವು ನಮ್ಮ ಸೊಂಟದ ಸುತ್ತಳತೆಯಲ್ಲಿಯೂ ರಕ್ತಪರೀಕ್ಷೆಯ ಕಾಗದಗಳಲ್ಲಿಯೂ ಕಾಣಸಿಗುತ್ತಿದೆ. ಬ್ಯಾಂಕಿನ ಮೇಜಿನ ಹಿಂದೆ ದಿನವಿಡೀ ಕುಳಿತಿರುವ ನನ್ನಂಥವರಿಗೆ ಇದನ್ನು ಬೇರೊಬ್ಬರು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವರ್ಷ ನಾನು ಕೊಂಡ ವಿದ್ಯುತ್ ಸೈಕಲ್ಲಿನ ಸವಾರಿ, ಅದರ ದುರಸ್ತಿ, ಎಲ್ಲಕ್ಕಿಂತ ಮುಖ್ಯವಾಗಿ ಅದರ ಬ್ಯಾಟರಿಯನ್ನು ಮನೆಯಲ್ಲಿ ಇರಿಸಿಕೊಳ್ಳುವಾಗ ವಹಿಸಬೇಕಾದ ಎಚ್ಚರ, ಇವನ್ನು ಸದಸ್ಯ ಬಂಧುಗಳ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಜಮಾ-ಖರ್ಚು ಬಲ್ಲವನಿಗೆ ಈ ವಾಹನವು ಅರ್ಥವಾಗದಷ್ಟು ಕಠಿಣವೇನೂ ಅಲ್ಲ.

ಸೈಕಲ್ಲಿಗೆ ವಿದ್ಯುತ್ತನ್ನು ಜೋಡಿಸುವ ಯೋಚನೆ ಹಳೆಯದು. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ 1895ರಲ್ಲಿಯೇ ಹಿಂದಿನ ಗಾಲಿಯ ನಡುವೆ ಮೋಟಾರನ್ನಿರಿಸಿದ ಸೈಕಲ್ಲಿಗೆ ಪೇಟೆಂಟು ಪಡೆದಿದ್ದ. ಆದರೆ ಅಂದಿನ ಬ್ಯಾಟರಿಗಳು ಬಹಳ ಭಾರವಾಗಿದ್ದವು. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಆ ತೊಡಕು ಕ್ರಮೇಣ ನಿವಾರಣೆಯಾಯಿತು. ಪೆಡಲು ತುಳಿದಾಗ ಮಾತ್ರ ಮೋಟಾರು ನೆರವಾಗುವ ಕ್ರಮವನ್ನು ಜಪಾನಿನ ಯಮಾಹಾ ಸಂಸ್ಥೆ 1993ರಲ್ಲಿ ಬಳಕೆಗೆ ತಂದಿತು. ನಮ್ಮ ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. 2001ರಲ್ಲಿ ಬೆಂಗಳೂರಿನ ರೇವಾ ಕಾರು, 2018ರಲ್ಲಿ ಏಥರ್ ಸ್ಕೂಟರು ರಸ್ತೆಗಿಳಿದವು.

ನಮ್ಮ ದೇಶದ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋಗ್ರಾಂ ಮೀರದ, ಮಾನ್ಯ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ವಾಹನಕ್ಕೆ ನೋಂದಣಿಯೂ ಚಾಲನಾ ಪರವಾನಗಿಯೂ ಬೇಕಿಲ್ಲ. ಕೊಳ್ಳುವ ಮುನ್ನ ಈ ಒಪ್ಪಿಗೆಯ ಕಾಗದವನ್ನು ಕೇಳಿ ಪಡೆಯಬೇಕು.

ಇನ್ನು ಲೆಕ್ಕದ ಮಾತು. ನನ್ನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಗಂಟೆಯದು. ಎರಡನ್ನೂ ಗುಣಿಸಿದರೆ 360 ವ್ಯಾಟ್-ಗಂಟೆ. ಇದೇ ನಮ್ಮ ಖಾತೆಯ ಶಿಲ್ಕು. ಸಮತಟ್ಟಾದ ದಾರಿಯಲ್ಲಿ ನಾನೂ ತುಳಿಯುತ್ತ ಹೋದರೆ ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಗಂಟೆ ಖರ್ಚಾಗುತ್ತದೆ. ಕಾಲಾಡಿಸದೆ ಹಿಡಿಯನ್ನು ತಿರುಗಿಸಿಕೊಂಡೇ ಹೋದರೆ 15ರ ಸಮೀಪ. ಅಂದರೆ ಒಂದೇ ಶಿಲ್ಕಿನಲ್ಲಿ 36 ಕಿಲೋಮೀಟರ್ ಹೋಗಬಹುದು, ಇಲ್ಲವೇ 24ಕ್ಕೆ ನಿಲ್ಲಬಹುದು. ನಾನೂ ಸೈಕಲ್ಲೂ ಸೇರಿ ತೂಕ 100 ಕಿಲೋಗ್ರಾಂ. ಇದನ್ನು ಮೋಟಾರೊಂದೇ 100 ಮೀಟರ್ ಎತ್ತರಕ್ಕೆ ಏರಿಸಬೇಕಾದರೆ 27 ವ್ಯಾಟ್-ಗಂಟೆ ಬೇಕು. ಮೋಟಾರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಶಿಲ್ಕಿನ ಹತ್ತರಲ್ಲೊಂದು ಪಾಲು ಮುಗಿಯಿತು.

ಪೂರ್ತಿ ಚಾರ್ಜು ಮಾಡಲು ಅರ್ಧ ಯೂನಿಟ್ಟೂ ಬೇಕಾಗುವುದಿಲ್ಲ. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ನಾಲ್ಕೈದು ರೂಪಾಯಿಯ ಖರ್ಚು. ಇದನ್ನು ಕೇಳಿದವರೆಲ್ಲ ಸಂತೋಷಪಡುತ್ತಾರೆ. ಆದರೆ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಟರಿಯ ಬೆಲೆ ಹನ್ನೆರಡು ಸಾವಿರವೆಂದೂ ಐನೂರು ಪೂರ್ಣ ಚಾರ್ಜುಗಳ ಬಳಿಕ ಅದು ಸೊರಗುವುದೆಂದೂ ಪ್ರತಿ ಚಾರ್ಜಿಗೆ 30 ಕಿಲೋಮೀಟರ್ ಎಂದೂ ಇಟ್ಟುಕೊಂಡರೆ, ಕಿಲೋಮೀಟರಿಗೆ 80 ಪೈಸೆ ಬ್ಯಾಟರಿಯ ಸವಕಳಿಗೇ ಹೋಗುತ್ತದೆ. ವಿದ್ಯುತ್ತಿನ ಖರ್ಚು ಅದರ ಐದರಲ್ಲೊಂದು ಪಾಲೂ ಇಲ್ಲ. ಆದುದರಿಂದ ಬ್ಯಾಟರಿಯನ್ನು ಜೋಪಾನ ಮಾಡುವುದೇ ನಿಜವಾದ ಉಳಿತಾಯ. ಮೇ ತಿಂಗಳಲ್ಲಿ ರಜೆಗೆಂದು ಊರಿಗೆ ಹೋಗುವವರು ಅದನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಬರಿದಾಗಿಸಿಯೂ ಇಡಬಾರದು. ಅರ್ಧದಷ್ಟು ತುಂಬಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿರಿಸುವುದು ಉತ್ತಮ.

ಖಾರಘರದ ರಸ್ತೆಗಳು ಸೈಕಲ್ಲಿಗೆ ಒಗ್ಗುವಂಥವು. ಉತ್ಸವ್ ಚೌಕದಿಂದ ಸೆಂಟ್ರಲ್ ಪಾರ್ಕಿನವರೆಗೆ ಬೆಳಗಿನ ಹೊತ್ತು ಹೋಗುವುದು ಹಿತಕರ. ಫಣಸವಾಡಿಯ ಕಡೆಗೆ ಗುಡ್ಡ ಏರುವ ರಸ್ತೆಯಲ್ಲಿ ಮಾತ್ರ ಮೋಟಾರಿನ ಬೆಲೆ ತಿಳಿಯುತ್ತದೆ. ಇಳಿಯುವಾಗ ಬ್ರೇಕಿನ ಬೆಲೆಯೂ ತಿಳಿಯುತ್ತದೆ. ಮಾಮೂಲಿ ಸೈಕಲ್ಲಿಗಿಂತ ಇದು ಭಾರವಾದ್ದರಿಂದ ಬ್ರೇಕಿನ ಪ್ಯಾಡುಗಳು ಬೇಗ ಸವೆಯುತ್ತವೆ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕು ಒತ್ತಿ ಹಿಡಿಯದೆ, ಬಿಟ್ಟು ಬಿಟ್ಟು ಒತ್ತಬೇಕು.

ಬೇಲಾಪುರದ ಶಾಖೆಗೆ ಹೋಗಿಬರಲು ನನಗೆ ದಿನಕ್ಕೆ ಹನ್ನೆರಡು ಕಿಲೋಮೀಟರ್, ಸುಮಾರು ನಲವತ್ತು ನಿಮಿಷ. ವಾರಕ್ಕೆ ಐದು ದಿನವೆಂದರೆ ಇನ್ನೂರು ನಿಮಿಷ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗದರ್ಶಿಯಲ್ಲಿ ತಿಳಿಸಿದೆ. ಮೋಟಾರಿನ ನೆರವಿದ್ದರೂ ತುಳಿಯುತ್ತಲೇ ಹೋದರೆ ಆ ಶ್ರಮ ಒದಗುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮಕ್ಕೆ ಇದೇ ಗುರುತು. ಹಿಡಿ ತಿರುಗಿಸಿಕೊಂಡು ಸುಮ್ಮನೆ ಕುಳಿತು ಹೋಗುವವರಿಗೆ ಇದರಿಂದ ಗಾಳಿ ಸೇವನೆಯಷ್ಟೇ ಲಾಭ. ನನ್ನ ಅಭಿಪ್ರಾಯದಲ್ಲಿ ಆ ಹಿಡಿಯನ್ನು ದಣಿದ ದಿನಕ್ಕೂ ಚೌಕ ದಾಟುವ ಗಳಿಗೆಗೂ ಮೀಸಲಿಡಬೇಕು.

ಮಂಡಿನೋವಿರುವವರು ಸೀಟಿನ ಎತ್ತರವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಪೆಡಲು ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಭಾರವಾದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಮಂಡಿಗೂ ಮೋಟಾರಿಗೂ ಹಾನಿಕರ. ಹೃದ್ರೋಗಿಗಳೂ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಮಧುಮೇಹಿಗಳು ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿಟ್ಟುಕೊಂಡಿರುವುದು ಒಳ್ಳೆಯದು.

ದುರಸ್ತಿಯ ವಿಷಯಕ್ಕೆ ಬರೋಣ. ಜುಲೈ ತಿಂಗಳ ಒಂದು ಮಳೆಯ ದಿನ ನನ್ನ ಸೈಕಲ್ಲಿನ ದೀಪ ಉರಿಯುತ್ತಿತ್ತು, ಬ್ಯಾಟರಿ ತುಂಬಿತ್ತು, ಆದರೆ ಮೋಟಾರು ತಿರುಗಲೊಲ್ಲದು. ದುರಸ್ತಿ ಕೇಂದ್ರವೊಂದರವರು ನಿಯಂತ್ರಕ ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಕೆಲವು ಸಾವಿರಗಳ ಅಂದಾಜುಪಟ್ಟಿ ಬರೆದುಕೊಟ್ಟರು. ನಮ್ಮ ಸೆಕ್ಟರಿನ ಮೂಲೆಯಲ್ಲಿ ಪಂಕ್ಚರ್ ತಿದ್ದುವಾತ ವಿಜಯಪುರ ಜಿಲ್ಲೆಯ ನಮ್ಮವನೇ. ಅವನು ಐದು ನಿಮಿಷ ನೋಡಿ, "ಸಾಹೇಬ್ರ, ಬ್ರೇಕಿನ ಹಿಡಿ ಪೂರಾ ಹಿಂದಕ್ಕ ಬರವಲ್ದ್ರೀ, ಅದಕ್ಕ ಮೋಟಾರ್ ತಿರಗವಲ್ದು" ಎಂದ. ಈ ಸೈಕಲ್ಲುಗಳಲ್ಲಿ ಬ್ರೇಕಿನ ಹಿಡಿಯೊಳಗೆ ಒಂದು ಚಿಕ್ಕ ಸ್ವಿಚ್ಚಿರುತ್ತದೆ. ಬ್ರೇಕು ಒತ್ತಿದೊಡನೆ ಅದು ಮೋಟಾರನ್ನು ನಿಲ್ಲಿಸುತ್ತದೆ. ಕೆಸರು ಸೇರಿ ಹಿಡಿಯು ಅರ್ಧದಲ್ಲೇ ನಿಂತುದರಿಂದ, ಬ್ರೇಕು ಒತ್ತಿಯೇ ಇದೆಯೆಂದು ನಿಯಂತ್ರಕವು ಭಾವಿಸಿತ್ತು. ತೊಳೆದು ಒಂದು ತೊಟ್ಟು ಎಣ್ಣೆ ಬಿಟ್ಟ ಮೇಲೆ ಮೋಟಾರು ತಿರುಗಿತು. ಆ ಎಣ್ಣೆ ಬ್ರೇಕಿನ ತಟ್ಟೆಗೆ ಸೋಕಬಾರದು. ಸೋಕಿದರೆ ಬ್ರೇಕು ಹಿಡಿಯುವುದಿಲ್ಲ. ಅವನು ಇಪ್ಪತ್ತು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ.

ಹೀಗೆ ಮೋಟಾರು ನಿಂತಾಗ ಮೊದಲು ಬ್ರೇಕಿನ ಹಿಡಿ, ಬಳಿಕ ತಂತಿಗಳ ಜೋಡಣೆ, ಬಳಿಕ ಪೆಡಲಿನ ಬಳಿಯ ಸಂವೇದಕ, ಈ ಕ್ರಮದಲ್ಲಿ ನೋಡಬೇಕು. ಸಣ್ಣ ಅಯಸ್ಕಾಂತಗಳಿರುವ ಬಿಲ್ಲೆಯೊಂದು ಪೆಡಲಿನ ಅಚ್ಚಿನೊಡನೆ ತಿರುಗುತ್ತ, ನಾವು ತುಳಿಯುತ್ತಿದ್ದೇವೆಂಬುದನ್ನು ಆ ಸಂವೇದಕಕ್ಕೆ ತಿಳಿಸುತ್ತದೆ. ನಡುವೆ ಕೆಸರು ತುಂಬಿ ಬಿಲ್ಲೆ ಸರಿದರೆ ಸುದ್ದಿ ತಲುಪದು. ಮೋಟಾರಿರುವ ಹಿಂದಿನ ಗಾಲಿ ಪಂಕ್ಚರಾದರೆ, ಗಾಲಿ ಬಿಚ್ಚುವ ಮುನ್ನ ತಂತಿಯ ಜೋಡಣೆಯನ್ನು ಬಿಡಿಸಬೇಕು. ಅಚ್ಚಿನ ವಾಷರುಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಮರಳಿ ಕೂರಿಸಬೇಕು. ಅವು ತಪ್ಪಿದರೆ ಅಚ್ಚೇ ತಿರುಗಿ ತಂತಿ ಹರಿಯುತ್ತದೆ. ರಭಸದ ನೀರಿನ ಕೊಳವೆಯಿಂದ ತೊಳೆಯಿಸುವುದಂತೂ ಬೇಡವೇ ಬೇಡ.

ಇಷ್ಟನ್ನು ನಾವು ಮಾಡಬಹುದು. ಬ್ಯಾಟರಿಯ ಪೆಟ್ಟಿಗೆಯನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಅದರೊಳಗೆ ಹತ್ತು ಕೋಶಸಾಲುಗಳಿದ್ದು, ಅವುಗಳ ದ್ರವ ಉರಿಯುವಂಥದು. ಒಂದು ಕೋಶ ಒಳಗೇ ಶಾರ್ಟಾಗಿ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಕ್ಷಣಗಳಲ್ಲಿ ಇಡೀ ಪೆಟ್ಟಿಗೆ ಹೊತ್ತಿಕೊಳ್ಳುತ್ತದೆ, ಹೊಗೆಯೂ ವಿಷಕರ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಸಮೀಪದ ವಸಯಿಯಲ್ಲಿ, ಮನೆಯೊಳಗೆ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಬ್ಯಾಟರಿ ಸಿಡಿದು ಏಳು ವರ್ಷದ ಬಾಲಕನೊಬ್ಬ ಅಸುನೀಗಿದ. ಅದೇ ವರ್ಷದ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ತಂದೆ-ಮಗಳಿಬ್ಬರು ಇಂತಹುದೇ ಹೊಗೆಗೆ ಬಲಿಯಾದರು. ತರುವಾಯ ಕೇಂದ್ರ ಸರ್ಕಾರವು ಬ್ಯಾಟರಿ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1ರಿಂದಲೂ 2023ರ ಮಾರ್ಚ್ 31ರಿಂದಲೂ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಅಗ್ಗಕ್ಕೆ ಸಿಗುವ ಮರುಜೋಡಣೆಯ ಬ್ಯಾಟರಿ ಇಂತಹ ಪರೀಕ್ಷೆಯನ್ನು ಕಂಡಿರುವುದಿಲ್ಲ.

ಚಾರ್ಜರನ್ನೂ ಅದಲುಬದಲು ಮಾಡಬಾರದು. 36 ವೋಲ್ಟಿನ ಬ್ಯಾಟರಿ ತುಂಬುವುದು 42 ವೋಲ್ಟಿಗೆ. ನೆರೆಯವರ 48 ವೋಲ್ಟಿನ ಸೈಕಲ್ಲಿನ ಚಾರ್ಜರು 54.6 ವೋಲ್ಟ್ ಕೊಡುತ್ತದೆ. ಪಿನ್ನು ಹೊಂದಿಕೊಂಡಿತೆಂದು ಚುಚ್ಚಿದರೆ ಅನಾಹುತ. ಬಿದ್ದು ಜಖಂ ಆದ, ಉಬ್ಬಿದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು. ಬಿಸಿಲಿನಲ್ಲಿ ಬಂದ ಬ್ಯಾಟರಿ ತಣಿಯಲು ಒಂದು ಗಂಟೆ ಬಿಡಬೇಕು. ಎಲ್ಲರೂ ಮಲಗಿರುವಾಗ ಚಾರ್ಜು ಬೇಡ. ಮುಂಬಾಗಿಲ ಬಳಿಯಾಗಲಿ ಮೆಟ್ಟಿಲ ದಾರಿಯಲ್ಲಾಗಲಿ ಸರ್ವಥಾ ಬೇಡ, ಏಕೆಂದರೆ ಬೆಂಕಿ ಬಿದ್ದರೆ ಹೊರಗೋಡುವ ದಾರಿಯೇ ಮುಚ್ಚಿಹೋಗುತ್ತದೆ. ಹೊಗೆ ಕಂಡೊಡನೆ ಆರಿಸಲು ನಿಲ್ಲದೆ ಮನೆಮಂದಿಯನ್ನು ಹೊರಗೊಯ್ದು, ಬಾಗಿಲೆಳೆದು, 101ಕ್ಕೆ ಕರೆ ಮಾಡಬೇಕು.

ನಮ್ಮ ಕಟ್ಟಡದಲ್ಲಿ ಈ ಪ್ರಶ್ನೆ ಮೂರು ಸಭೆಗಳವರೆಗೆ ಬೆಳೆಯಿತು. ಒಬ್ಬರು ವಿದ್ಯುತ್ ವಾಹನವನ್ನೇ ಆವರಣದಿಂದ ನಿಷೇಧಿಸಬೇಕೆಂದರು. ಇನ್ನೊಬ್ಬರು ಲಿಫ್ಟಿನಲ್ಲಿ ಬ್ಯಾಟರಿ ಒಯ್ಯುವುದು ತಮ್ಮ ಹಕ್ಕೆಂದರು. ಕೊನೆಗೆ ನೆಲಮಹಡಿಯಲ್ಲಿ, ಮೆಟ್ಟಿಲಿನಿಂದಲೂ ಮೀಟರು ಕೋಣೆಯಿಂದಲೂ ದೂರವಾದ ತೆರೆದ ಗೋಡೆಯ ಬಳಿ ಮೂರು ಪ್ಲಗ್ಗುಗಳನ್ನೂ ಅವಕ್ಕೊಂದು ಪ್ರತ್ಯೇಕ ಮೀಟರನ್ನೂ ಹಾಕಿಸಲಾಯಿತು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಕಾವಲುಗಾರನ ಕಣ್ಣೆದುರಿಗೆ ಮಾತ್ರ ಚಾರ್ಜು ಮಾಡಬಹುದು. ಯಾರು ಎಷ್ಟು ಯೂನಿಟ್ಟು ಬಳಸಿದರೆಂಬ ವಹಿಯನ್ನು ಬರೆಯುವ ಕೆಲಸ, ನಿರೀಕ್ಷಿಸಿದಂತೆಯೇ, ಬ್ಯಾಂಕಿನವನೆಂದು ನನ್ನ ಪಾಲಿಗೆ ಬಂದಿದೆ.