ಹಚ್ಚೆಗೆ ಮೊದಲು ಅಧಿಸೂಚನೆ ಓದಿ

ಪ್ರಶ್ನೆ: ನನಗೆ 20 ವರ್ಷ. ಪುತ್ತೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಾ ಅಗ್ನಿವೀರ್ ನೇಮಕಾತಿಗೆ ತಯಾರಾಗುತ್ತಿದ್ದೇನೆ. ‘300’ ಸಿನಿಮಾ ನೋಡಿದಾಗಿನಿಂದ ಸ್ಪಾರ್ಟಾದ ದೊರೆ ಲಿಯೊನಿದಾಸನ ಮಾತನ್ನು ಗ್ರೀಕ್ ಅಕ್ಷರದಲ್ಲಿ ತೋಳಿನ ಮೇಲೆ ಟ್ಯಾಟೂ ಹಾಕಿಸುವ ಆಸೆ. ಅಮ್ಮ ಮಾತು ಬಿಟ್ಟಿದ್ದಾರೆ. ಅಜ್ಜಿಯ ಕೈತುಂಬ ಹಚ್ಚೆ ಇದೆ, ನನಗೆ ಮಾತ್ರ ಯಾಕೆ ಬೇಡ?
– ಹೆಸರು ಬೇಡ, ನರಿಮೊಗರು

ಉತ್ತರ: ಆಸೆಯಲ್ಲಿ ತಪ್ಪಿಲ್ಲ, ತೊಡಕಿರುವುದು ಜಾಗದಲ್ಲಿ. ಭೂಸೇನೆಗೆ ಸೇರುವವರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ. ಬುಡಕಟ್ಟು ಸಮುದಾಯಗಳಿಗಷ್ಟೇ ವಿನಾಯಿತಿ. ತೋಳಿನ ಮೇಲೆ ಹಾಕಿಸಿಕೊಂಡರೆ ಓಟದಲ್ಲಿ ಮೊದಲಿಗರಾದರೂ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಬೀಳುತ್ತೀರಿ. ಲೇಸರ್‌ನಲ್ಲಿ ತೆಗೆಸಲು ಹಲವು ಬಾರಿ ಹೋಗಬೇಕು, ಆಮೇಲೂ ಗುರುತು ಉಳಿಯಬಹುದು. ಅಜ್ಜಿಯ ಹಚ್ಚೆಯಿಂದ ಯಾರ ನೌಕರಿಯೂ ತಪ್ಪಲಿಲ್ಲ. ಅಮ್ಮನ ಹೆದರಿಕೆ ಇದೇ ಇರಬಹುದು, ಕೇಳಿ ನೋಡಿ.

ಇನ್ನು ಆ ಮಾತು. ಕ್ರಿ.ಪೂ. 480ರಲ್ಲಿ ಥರ್ಮೋಪಿಲೆಯಲ್ಲಿ ಆಯುಧ ಒಪ್ಪಿಸಿ ಎಂದ ಪರ್ಷಿಯಾದ ದೊರೆಗೆ ಲಿಯೊನಿದಾಸ ಕೊಟ್ಟನೆನ್ನುವ ‘ಬಂದು ತೆಗೆದುಕೋ’ ಎಂಬ ಉತ್ತರವನ್ನು ಬರೆದಿಟ್ಟವನು ಪ್ಲುಟಾರ್ಕ್, ಅದೂ ಶತಮಾನಗಳ ನಂತರ. ಇಂದು ಅಮೆರಿಕದ ಬಂದೂಕು ಹಕ್ಕಿನವರಿಗೆ ಅದು ಘೋಷಣೆ. ವಿಷಯ ಬಲ್ಲವರು ನಿಮ್ಮ ಕೈಯಲ್ಲಿ ನಿಮ್ಮದಲ್ಲದ ರಾಜಕೀಯ ಓದಿಯಾರು. ಮತ್ತೊಂದು ತಮಾಷೆ: ಹಳೆಯ ಗ್ರೀಕರು ಹಚ್ಚೆ ಹೊಡೆಯುತ್ತಿದ್ದುದು ಹೆಚ್ಚಾಗಿ ಗುಲಾಮರಿಗೆ, ಅಪರಾಧಿಗಳಿಗೆ. ಹಚ್ಚೆಯನ್ನು ಕುಲೀನತೆಯ ಗುರುತೆಂದವರು ಅವರ ನೆರೆಯ ಥ್ರೇಸಿಯನ್ನರು.

ಆದರೂ ಗ್ರೀಕ್ ಅಕ್ಷರವೇ ಬೇಕೆಂದರೆ ಮೊಬೈಲಿನ ‘ಗ್ರೀಕ್ ಸ್ಟೈಲ್’ ಫಾಂಟ್ ನಂಬಬೇಡಿ. ಅದರಲ್ಲಿ ಇಂಗ್ಲಿಷ್ ‘ಇ’ ಬದಲು ಹಾಕುವ ಸಿಗ್ಮಾ ನಿಜಕ್ಕೂ ‘ಸ’ಕಾರ. ಸಣ್ಣಕ್ಷರದ ಸಿಗ್ಮಾ ಪದದ ಕೊನೆಗೆ ಬಂದಾಗ ರೂಪವೇ ಬೇರೆ. ಸಣ್ಣಕ್ಷರಗಳ ಮೇಲಿನ ಸ್ವರಚಿಹ್ನೆ ಬಿಟ್ಟರೂ ತಪ್ಪು. ಗ್ರೀಕ್ ಓದಬಲ್ಲವರೊಬ್ಬರು ನೋಡದೆ ಸೂಜಿ ತಾಗಿಸಬೇಡಿ.

ನನ್ನನ್ನು ಕೇಳಿದರೆ, ಅಕ್ಷರಕ್ಕಿಂತ ಚಿತ್ರ ವಾಸಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಟಿಯಾನ್ ಎಂಬ ಹೆಣ್ಣನ್ನು, ಇಲ್ಲಿನ ರಾಜನಿಗೆ ಕುಡಿಸಿ, ಅಣ್ಣನ ಕಡೆಯವರು ಹಡಗಿನಲ್ಲಿ ಪಾರುಮಾಡುವ ಕಥೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವೆಂದು ಕೆಲವರು, ತುಳುವೆಂದು ಕೆಲವರು, ಇನ್ನೂ ತೀರ್ಮಾನವಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದವರು. ಒಂದು ಪುಟ್ಟ ಗ್ರೀಕ್ ಹಡಗು ನಮ್ಮ ಕರಾವಳಿಯ ಹುಡುಗನ ಕೈಗೆ ಚೆನ್ನಾಗಿ ಒಪ್ಪುತ್ತದೆ, ಕಾಗುಣಿತದ ಭಯವೂ ಇಲ್ಲ.

ಹಾಕಿಸುವ ದಿನ ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಬೇಕು, ಬಣ್ಣವನ್ನು ನಿಮಗೆಂದೇ ಬೇರೆ ಕಪ್ಪಿಗೆ ಹಾಕಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಜಾತ್ರೆಯ ಬೀದಿಬದಿಯಲ್ಲಂತೂ ಬೇಡವೇ ಬೇಡ. ಗಾಯ ಮಾಯುವ ತನಕ ಹೊಳೆ, ಕೆರೆಯ ಈಜು, ತೋಟದ ಕೆಸರು ದೂರವಿರಲಿ. ಹಾಕಿಸಿದ ದಿನದಿಂದ 12 ತಿಂಗಳು ರಕ್ತದಾನ ಮಾಡುವಂತಿಲ್ಲ.

ನನ್ನ ಸಲಹೆ ಇಷ್ಟೆ: ನೇಮಕಾತಿ ಮುಗಿಯುವವರೆಗೆ ಕಾಯಿರಿ. ಸೇನೆಗೆ ಸೇರಿದರೆ ಅಲ್ಲಿನ ನಿಯಮ ಕೇಳಿಕೊಂಡು, ಸೇರದಿದ್ದರೆ ನಿಮ್ಮಿಷ್ಟದ ಜಾಗಕ್ಕೆ, ಸಂತೋಷವಾಗಿ ಹಾಕಿಸಿಕೊಳ್ಳಿ.