ಸಾಲದಾಗ ಸಹಿ, ಉತಾರದಾಗ ಹೆಸರು

2025ರ ಜನವರಿ. ಹುಬ್ಬಳ್ಳಿಯಲ್ಲಿ ನಾನು ಕೆಲಸಕ್ಕಿದ್ದ ಆಫೀಸಿಗೆ ಒಂದು ಮಧ್ಯಾಹ್ನ ಬ್ಯಾಂಕಿನಿಂದ ಫೋನ್ ಬಂತು. ಸಾಲದ ಹಣ ಬಿಡುಗಡೆ ಮಾಡುವ ಮುಂಚೆ, ಅರ್ಜಿದಾರರು ಇನ್ನೂ ನೌಕರಿಯಲ್ಲಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಮಾಮೂಲಿ ಫೋನ್ ಅದು. ಎತ್ತಿಕೊಂಡವರು ಇದ್ದದ್ದನ್ನು ಇದ್ದಂತೆ ಹೇಳಿದರು: ‘ಅದಾರ್ರಿ. ಆದ್ರ ರಾಜೀನಾಮೆ ಕೊಟ್ಟಾರ, ಈ ತಿಂಗಳ ಕೊನಿಗೆ ಬಿಡ್ತಾರ.’ ನಮ್ಮ ಮನೆ ಸಾಲದ ಫೈಲು ಅಲ್ಲಿಗೆ ನಿಂತಿತು.

ನೌಕರಿ ಬದಲಿಸುವ ವಿಷಯವನ್ನು ನಾನು ಮುಚ್ಚಿಟ್ಟಿರಲಿಲ್ಲ. ಮನೆಯವರಿಗೆ ಗೊತ್ತಿತ್ತು, ಅತ್ತಿ ಮಾವಗ ಗೊತ್ತಿತ್ತು, ಬೆಳಗಿನ ಪ್ಯಾಸೆಂಜರ್‌ನಲ್ಲಿ ಗುಡಗೇರಿಯಿಂದ ನನ್ನ ಜೊತೆ ಹತ್ತಿ ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿಗೆ ಬರುವ ಗೆಳತಿಯರಿಗೆಲ್ಲ ಗೊತ್ತಿತ್ತು. ಬ್ಯಾಂಕಿಗೆ ಮಾತ್ರ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಪಗಾರ 28 ಸಾವಿರದಿಂದ 35 ಸಾವಿರಕ್ಕೆ ಏರುತ್ತಿತ್ತು. ಹೊಸ ಆಫೀಸು ಸ್ಟೇಶನ್ನಿಗೆ ಹತ್ತಿರ, ಸಂಜೆಯ ಗಾಡಿ ತಪ್ಪುತ್ತಿರಲಿಲ್ಲ, ಮಗಳು ಓದಲು ಕೂರುವ ಹೊತ್ತಿಗೆ ಮನೆಯಲ್ಲಿರಬಹುದಿತ್ತು. ಪಗಾರ ಹೆಚ್ಚಾದರೆ ಸಾಲ ಕೊಡುವವರಿಗೂ ಸಂತೋಷವೇ ಅಲ್ಲವೇ ಎಂದುಕೊಂಡಿದ್ದೆ.

ಬ್ಯಾಂಕಿನ ಲೆಕ್ಕ ಬೇರೆ. ಪಗಾರ ಎಷ್ಟು ಎಂಬುದಕ್ಕಿಂತ ಅದು ತಪ್ಪದೆ ಬರುತ್ತದೆಯೇ ಎಂದು ಅವರು ನೋಡುತ್ತಾರೆ. ಆರು ವರ್ಷ ಒಂದೇ ಕಡೆ ದುಡಿದವಳ 28 ಸಾವಿರ ಅವರಿಗೆ ಗಟ್ಟಿ ದುಡ್ಡು. ನಾಳೆ ಸೇರಲಿರುವ ಜಾಗದ 35 ಸಾವಿರ, ಅದೂ ಆರು ತಿಂಗಳ ಪ್ರೊಬೇಶನ್ ಮೇಲೆ ಇರುವಾಗ, ಇನ್ನೂ ಬರೀ ಮಾತು. ಡಿಸೆಂಬರಿನಲ್ಲಿ ಬಂದ ಮಂಜೂರಾತಿ ಪತ್ರದಲ್ಲೇ ಇದು ಬರೆದಿತ್ತು. ಹಣ ಬಿಡುಗಡೆಗೆ ಮುಂಚೆ ಅರ್ಜಿದಾರರ ಉದ್ಯೋಗದಲ್ಲಿ ಬದಲಾವಣೆಯಾದರೆ ತಿಳಿಸತಕ್ಕದ್ದು ಎಂಬ ಸಾಲು ಮೂರನೆಯ ಪುಟದಲ್ಲಿತ್ತು. ಅದರ ಕೆಳಗೇ ನನ್ನ ಸಹಿಯೂ ಇತ್ತು.

ಈ ಸಾಲಕ್ಕೆ ನನ್ನ ಸಹಿ ಯಾಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಮನೆಯವರು ಸರಕಾರಿ ಶಾಲೆಯ ಮಾಸ್ತರು. ಕೈಗೆ ಬರುವ ಪಗಾರ 46 ಸಾವಿರ, ಅದರಲ್ಲಿ 6 ಸಾವಿರ ಸೊಸೈಟಿ ಸಾಲಕ್ಕೆ ಹೋಗುತ್ತದೆ. ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ಮೀರಬಾರದು ಎಂದು ನಮ್ಮ ಬ್ಯಾಂಕು ಲೆಕ್ಕ ಹಾಕಿತು. ಹಾಗಾದರೆ ಅವರೊಬ್ಬರ ಪಗಾರದ ಮೇಲೆ ತಿಂಗಳಿಗೆ 17 ಸಾವಿರದ ಕಂತಷ್ಟೇ ಸಾಧ್ಯ. ಆಗಿನ ಶೇ. 8.75ರ ಬಡ್ಡಿಗೆ, 20 ವರ್ಷಕ್ಕೆ, ಒಂದು ಲಕ್ಷಕ್ಕೆ ಸುಮಾರು 884 ರೂಪಾಯಿ ಕಂತು ಬೀಳುತ್ತದೆ. ಭಾಗಿಸಿದರೆ 19 ಲಕ್ಷದ ಆಸುಪಾಸು. ನಮಗೆ ಬೇಕಿದ್ದದ್ದು 25 ಲಕ್ಷ. ಮನೆಯ ಅಂದಾಜು 32 ಲಕ್ಷ, ಉಳಿದ 7 ಲಕ್ಷ ನಾವೇ ಕೂಡಿಟ್ಟದ್ದು. ನನ್ನ ಪಗಾರ ಸೇರಿಸದೆ ಲೆಕ್ಕ ಕೂಡುತ್ತಿರಲಿಲ್ಲ.

ಜಾಗ ಮಾವನದು. 1994ರಲ್ಲಿ ಹತ್ತಿ ಮಾರಿದ ದುಡ್ಡಿನಲ್ಲಿ ತಾನೇ ಕೊಂಡದ್ದು. ಅದರಲ್ಲೊಂದು ಮಣ್ಣಿನ ಮಾಳಿಗಿ ಮನೆ. ಜಾಗದ ಮಾಲೀಕರು ಸಾಲದಲ್ಲೂ ಇರಬೇಕೆಂದು ಬ್ಯಾಂಕು ಹೇಳಿತು. ಮಾವಗ 69 ವರ್ಷ, ಅವರನ್ನು ಸೇರಿಸಿಕೊಂಡರೆ 20 ವರ್ಷದ ಅವಧಿ ಸಿಗುವುದಿಲ್ಲ. ಹಾಗಾಗಿ ದಾನಪತ್ರ ಮಾಡಿಕೊಡುವುದೆಂದಾಯಿತು. ಮಗನ ಹೆಸರಿಗೆ ಬರೆಯುವುದೆಂದು ನಾವೆಲ್ಲ ಅಂದುಕೊಂಡಿದ್ದೆವು. ಕಟ್ಟೆಯ ಮೇಲೆ ಕೂತು ಕಾಗದ ತಿರುವಿ ನೋಡುತ್ತಿದ್ದ ಮಾವ, ‘ಸಾಲದ ಕಾಗದಕ್ಕ ಆಕಿ ಸಹಿ ಬೇಕಂದ್ರ, ಉತಾರದಾಗ ಆಕಿ ಹೆಸರೂ ಇರ್ಲಿ’ ಎಂದರು. ಅಷ್ಟೇ ಮಾತು. ಕುಂದಗೋಳದಲ್ಲಿ ದಾನಪತ್ರ ನೋಂದಣಿಯಾಗಿ, ಪಂಚಾಯ್ತಿಯಲ್ಲಿ ಆಸ್ತಿಯ ಉತಾರ, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ನಮ್ಮಿಬ್ಬರ ಹೆಸರಲ್ಲಿ ಬಂದವು. ಆ ಹಾಳೆಯಲ್ಲಿ ನನ್ನ ಹೆಸರನ್ನು ನಾನು ಎಷ್ಟು ಸಲ ಓದಿದೆನೋ.

ಜಂಟಿ ಸಾಲ ಮಾಡುವ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಸಾಲಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲ. ಸಾಲದಲ್ಲಿ ಹೆಸರಿದ್ದು ಉತಾರದಲ್ಲಿ ಇರದಿದ್ದರೆ ಹೊರೆ ಮಾತ್ರ ನಿಮ್ಮದು. ಒಬ್ಬರ ಸಾಲಕ್ಕೆ ಇನ್ನೊಬ್ಬರು ನಿಲ್ಲುವುದು ನಮ್ಮ ಸೀಮೆಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ನಾಡಿದು. ಜಾಮೀನು ಹಾಕಿ ಕೈ ಸುಟ್ಟುಕೊಂಡವರು ಪ್ರತಿ ಓಣಿಯಲ್ಲೂ ಇದ್ದಾರೆ. ಆದರೆ ಜಾಮೀನುದಾರರಿಗಿಂತ ಸಹ ಅರ್ಜಿದಾರರ ಹೊಣೆ ನೇರವಾದದ್ದು. 25 ಲಕ್ಷದಲ್ಲಿ ಅರ್ಧ ಅವರದು, ಅರ್ಧ ನನ್ನದು ಎಂದಲ್ಲ. ಪೂರ್ತಿ 25 ಲಕ್ಷಕ್ಕೂ ಇಬ್ಬರೂ ಹೊಣೆ. ಒಂದು ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತದೆ.

ಫೈಲು ನಿಂತ ಮರುದಿನ ಇಬ್ಬರೂ ರಜೆ ಹಾಕಿ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಸಾಹೇಬರು ಸಿಟ್ಟು ಮಾಡಲಿಲ್ಲ. ‘ನೌಕರಿ ಬದಲಿ ಮಾಡೂದು ತಪ್ಪಲ್ರಿ ಮೇಡಂ. ಮೊದಲ ಒಂದ ಮಾತ ಹೇಳಿದ್ರ, ಹಣ ಬಿಡುಗಡಿ ಆದಮ್ಯಾಲ ರಾಜೀನಾಮೆ ಕೊಡ್ರಿ ಅಂತಿದ್ದೆ’ ಎಂದರು. ಈಗ ಎರಡೇ ದಾರಿ ಎಂದರು. ಮನೆಯವರ ಪಗಾರದ ಮೇಲೆ 19 ಲಕ್ಷಕ್ಕೆ ಇಳಿಸಿಕೊಳ್ಳುವುದು, ಇಲ್ಲವೇ ಹೊಸ ಜಾಗದ ಮೂರು ಪಗಾರ ಚೀಟಿ ತಂದುಕೊಡುವವರೆಗೆ ಕಾಯುವುದು. ಹೊಸ ಕೆಲಸವೂ ಲೆಕ್ಕಪತ್ರದ್ದೇ ಆಗಿರುವುದು, ನಡುವೆ ಒಂದು ದಿನವೂ ಖಾಲಿ ಇಲ್ಲದಿರುವುದು ನನ್ನ ಪರವಾಗಿವೆ, ಪ್ರೊಬೇಶನ್ ಇದ್ದರೂ ಮೇಲಿನವರಿಗೆ ಬರೆಯುತ್ತೇನೆ ಎಂದರು. ಮಂಜೂರಾತಿಯ ಅವಧಿ ಆರು ತಿಂಗಳು. ಜೂನಿನೊಳಗೆ ಎಲ್ಲ ಮುಗಿಯಬೇಕಿತ್ತು.

ಹೊರಗೆ ಬಂದಾಗ ಪರಿಚಯದ ಸಾಲದ ಏಜೆಂಟರೊಬ್ಬರು ಮೂರನೆಯ ದಾರಿ ತೋರಿಸಿದರು. ‘ಹಳೇ ಪಗಾರ ಚೀಟಿ ಇಟಗೊಂಡ ಬ್ಯಾರೆ ಬ್ಯಾಂಕಿಗೆ ಹಾಕೂಣ್ರಿ, ಯಾರ ನೋಡ್ತಾರ?’ ಬೇಡವೆಂದೆವು. ಸುಳ್ಳು ದಾಖಲೆ ಕೊಟ್ಟದ್ದು ಬಯಲಾದರೆ ಪೂರ್ತಿ ಸಾಲ ಒಮ್ಮೆಲೇ ಕಟ್ಟಿರೆಂದು ಕೇಳುವ ಹಕ್ಕು ಬ್ಯಾಂಕಿಗಿದೆ. ಕೇಸೂ ಆಗಬಹುದು. ಅಲ್ಲದೆ, ಹೊಸದಾಗಿ ಅರ್ಜಿ ಹಾಕಿದಾಗಲೆಲ್ಲ ಆ ವಿಚಾರಣೆ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತದೆ. ನಾಲ್ಕು ಬ್ಯಾಂಕಿನ ಬಾಗಿಲು ತಟ್ಟಿದ್ದು ಐದನೆಯವರಿಗೆ ಕಾಣುತ್ತದೆ.

ಕಾಯುವುದೆಂದೇ ತೀರ್ಮಾನಿಸಿದೆವು. ಅದು ಸುಲಭವಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಮಾಳಿಗಿ ಕೆಡವಿ, ನಾವು ಹಿತ್ತಲಿನ ತಗಡಿನ ಶೆಡ್ಡಿನಲ್ಲಿದ್ದೆವು. ಗೌಂಡಿ ದಿನಾ ಬಂದು ‘ಯಾವಾಗ ಸುರು ಮಾಡೂಣ್ರಿ?’ ಎನ್ನುತ್ತಿದ್ದ. ಆಗ ನೆರವಿಗೆ ಬಂದದ್ದು ನಮ್ಮದೇ 7 ಲಕ್ಷ. ಕಟ್ಟಡದ ಸಾಲದಲ್ಲಿ ಹೇಗೂ ಮೊದಲು ನಮ್ಮ ಪಾಲಿನ ಹಣ ಹಾಕಬೇಕು, ಅದು ಖರ್ಚಾದದ್ದನ್ನು ನೋಡಿದ ಮೇಲೆ ಬ್ಯಾಂಕಿನ ದುಡ್ಡು ಹಂತ ಹಂತವಾಗಿ ಬರುತ್ತದೆ. ಫೆಬ್ರುವರಿಯಲ್ಲಿ ಪಾಯಾ ತೆಗೆಸಿದೆವು. ಎರಿ ಭೂಮಿ ಏನೆಂದು ಆ ತಗ್ಗು ನೋಡಿದವರಿಗೇ ಗೊತ್ತು. ಮೇಲೆ ಅಂಗೈ ಹೋಗುವಷ್ಟು ಬಿರುಕು, ನಾಲ್ಕು ಅಡಿ ಇಳಿದರೂ ಕರ್ರಗಿನ ಮಣ್ಣು, ಗುದ್ದಲಿಗೆ ಮೇಣದಂತೆ ಅಂಟುತ್ತಿತ್ತು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಈ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದರೆ ಸೀಳುವುದು ಖಂಡಿತ. ಗಟ್ಟಿ ನೆಲ ಸಿಗುವವರೆಗೆ ಆರೂವರೆ ಅಡಿ ಅಗೆಸಿ, ಗರಸು ತುಂಬಿಸಿ, ನೀರು ಬಿಟ್ಟು ಬಡಿಸಿದೆವು. ಅಂದಾಜಿನಲ್ಲಿ ಪಾಯಾಕ್ಕೆ ಹಿಡಿದಿದ್ದಕ್ಕಿಂತ ಒಂದೂಕಾಲು ಲಕ್ಷ ಹೆಚ್ಚಾಯಿತು. ಅತ್ತಿ ತಮ್ಮ ಪಾಟ್ಲಿ ಬಿಚ್ಚಿ ನನ್ನ ಕೈಗಿಟ್ಟರು. ‘ಅಡವ ಇಡವಾ, ಬಿಡಿಸಿದ ಮ್ಯಾಲ ನೀನ ಹಾಕ್ಕೋ’ ಎಂದರು. 19 ಲಕ್ಷಕ್ಕೆ ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತೆಂದು ಆ ತಗ್ಗಿನ ಅಂಚಿನಲ್ಲಿ ನಿಂತಾಗ ತಿಳಿಯಿತು.

ಹೊಸ ಕೆಲಸಕ್ಕೆ ಫೆಬ್ರುವರಿ 1ಕ್ಕೆ ಸೇರಿದೆ. ಹಳೆಯ ಕಡೆಯಿಂದ ರಿಲೀವಿಂಗ್ ಪತ್ರ ಕೈಗೆ ಸಿಗುವವರೆಗೆ ಬಿಡಲಿಲ್ಲ. ನೇಮಕಾತಿ ಪತ್ರದಷ್ಟೇ ಅದನ್ನೂ ಬ್ಯಾಂಕು ಕೇಳುತ್ತದೆ. ಹಳೆಯ ಪಿ.ಎಫ್. ತೆಗೆದುಬಿಡು, ಮನೆಗಾಗುತ್ತದೆ ಎಂದವರು ಬಹಳ. ನಾನು ಹೊಸ ಖಾತೆಗೆ ವರ್ಗಾಯಿಸಿದೆ. ಅದು ಮುಪ್ಪಿಗೆಂದು ಇಟ್ಟ ದುಡ್ಡು. ಐದು ವರ್ಷದ ಸೇವೆ ತುಂಬದವರು ಹೀಗೆ ತೆಗೆದರೆ ತೆರಿಗೆಯೂ ಬೀಳುತ್ತದೆ.

ಜಂಟಿ ಸಾಲ ಮಾಡಿದರೆ ಇಬ್ಬರಿಗೂ ತೆರಿಗೆ ಉಳಿಯುತ್ತದೆ ಎಂಬ ಮಾತು ಈಗಲೂ ಓಡಾಡುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಅದು ನಿಜ. ಸಾಲದಲ್ಲೂ ಮನೆಯಲ್ಲೂ ಹೆಸರಿದ್ದ ಒಬ್ಬೊಬ್ಬರಿಗೂ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ನಾವೇ ವಾಸಿಸುವ ಮನೆಗೆ ಅದಿಲ್ಲ. ನಮ್ಮಂಥವರ ಆದಾಯಕ್ಕೆ ಅಲ್ಲಿ ತೆರಿಗೆಯೇ ಬೀಳದ ಕಾರಣ ಅದರ ಗೊಡವೆಯೂ ನಮಗೆ ಬೇಡ. ತೆರಿಗೆಯ ಆಸೆಗೆ ಹೆಸರು ಸೇರಿಸಲು ಹೋಗಬೇಡಿ.

ಕಾಯುವಾಗಲೇ ಬಡ್ಡಿ ಇಳಿಯಿತು. ರಿಸರ್ವ್ ಬ್ಯಾಂಕು ರೆಪೊ ದರವನ್ನು ಫೆಬ್ರುವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಕಾಲು ಕಾಲು ಇಳಿಸಿ ಶೇ. 6ಕ್ಕೆ ತಂದಿತು. ನಮ್ಮ ದರ ಶೇ. 8.25 ಆಯಿತು, ಕಂತು 22,093ರಿಂದ 21,302ಕ್ಕೆ ಬಂತು. ಇದು ಕಾದದ್ದರ ಲಾಭವೇನಲ್ಲ. ರೆಪೊಗೆ ಜೋಡಿಸಿದ ಸಾಲವಾದ್ದರಿಂದ ಜನವರಿಯಲ್ಲೇ ತೆಗೆದಿದ್ದರೂ ದರ ಇಳಿಯುತ್ತಿತ್ತು.

ಮೇ 2ರಂದು ಮೂರನೆಯ ಪಗಾರ ಚೀಟಿ ಕೈಗೆ ಬಂತು. ಊಟದ ಬಿಡುವಿನಲ್ಲಿ ಓಡಿಹೋಗಿ ಬ್ಯಾಂಕಿಗೆ ಕೊಟ್ಟೆ. ಮರುವಾರ ಎಂಜಿನಿಯರ್ ಊರಿಗೆ ಬಂದು ಪ್ಲಿಂತ್‌ಗೆ ಟೇಪು ಹಿಡಿದು ಅಳೆದರು, ಫೋಟೊ ತೆಗೆದರು. ‘ಮಾಲೀಕರು ಇಲ್ಲಿ ನಿಂದರ್ರಿ’ ಎಂದಾಗ ಮನೆಯವರು ಹೋಗಿ ನಿಂತರು. ಮಾವ ಕಟ್ಟೆಯಿಂದಲೇ ನನ್ನ ಕಡೆ ನೋಡಿ, ‘ನೀನೂ ನಡಿಯವಾ, ಇನ್ನೊಬ್ಬ ಮಾಲೀಕಳ ನೀನಽ’ ಎಂದರು. ನಾಲ್ಕನೆಯ ದಿನ ಮೊದಲ ಹಂತದ 6 ಲಕ್ಷ ಜಮಾ ಆಯಿತು.