ಬಹುಮತದ ಲೆಕ್ಕ ಎಲ್ಲಿ ನಡೆಯಬೇಕು?

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಅಂಗಗಳ ಹೆಸರನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅಧಿಕಾರವೆಲ್ಲ ಒಂದೇ ಕೈಯಲ್ಲಿ ಸೇರಿದರೆ ಪ್ರಜೆಯ ಸ್ವಾತಂತ್ರ್ಯ ಉಳಿಯದೆಂದು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿಯೇ ಸಾರಿದನೆಂಬುದೂ ನಮಗೆ ಬಾಯಿಪಾಠ. ಆದರೆ ಒಂದು ಅಂಗವು ಇನ್ನೊಂದನ್ನು ತಡೆಯುವುದೆಂದರೇನು? ಜನರು ಆರಿಸದ ನ್ಯಾಯಾಧೀಶರು ಆಳುವವರ ಕಾರ್ಯದಲ್ಲಿ ಕೈಹಾಕಬಹುದೆ ಎಂದು ನನ್ನ ಸಹಪಾಠಿಗಳಲ್ಲಿ ಕೆಲವರು ಚರ್ಚಾಕೂಟದಲ್ಲಿ ಕೇಳುವುದುಂಟು. ಇದಕ್ಕೆ ಉತ್ತರವು ನಮ್ಮ ನಾಡಿನಲ್ಲಿಯೇ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ದೊರೆಯುತ್ತದೆಂದು ನನ್ನ ನಂಬಿಕೆ.

ಮೊದಲು ಸಂವಿಧಾನದ 356ನೆಯ ವಿಧಿಯನ್ನು ನೋಡೋಣ. ರಾಜ್ಯವೊಂದರ ಆಡಳಿತವನ್ನು ಸಂವಿಧಾನಕ್ಕನುಸಾರವಾಗಿ ನಡೆಸಲಾಗದ ಪರಿಸ್ಥಿತಿ ಒದಗಿದೆಯೆಂದು ರಾಷ್ಟ್ರಪತಿಗಳಿಗೆ ಮನದಟ್ಟಾದರೆ, ಅವರು ಘೋಷಣೆ ಹೊರಡಿಸಿ ಆ ಆಡಳಿತವನ್ನು ವಹಿಸಿಕೊಳ್ಳಬಹುದು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರಾದುದರಿಂದ ಇದು ವಾಸ್ತವವಾಗಿ ಕೇಂದ್ರ ಕಾರ್ಯಾಂಗದ ಅಧಿಕಾರವೇ ಸರಿ. ಇದಕ್ಕೆ ಸಂವಿಧಾನವೇ ಒಂದು ತಡೆಯನ್ನಿಟ್ಟಿದೆ: ಎರಡು ತಿಂಗಳೊಳಗಾಗಿ ಸಂಸತ್ತಿನ ಉಭಯ ಸದನಗಳೂ ಒಪ್ಪದಿದ್ದರೆ ಘೋಷಣೆ ಬಿದ್ದುಹೋಗುತ್ತದೆ. ನ್ಯಾಯಾಲಯಗಳು ಇದನ್ನು ಪ್ರಶ್ನಿಸಕೂಡದೆಂದು 1975ರ 38ನೆಯ ತಿದ್ದುಪಡಿ ವಿಧಿಸಿತ್ತು. 1978ರ 44ನೆಯ ತಿದ್ದುಪಡಿ ಆ ನಿರ್ಬಂಧವನ್ನು ತೆಗೆದುಹಾಕಿತು.

ಇನ್ನು ಘಟನೆಗೆ ಬರೋಣ. ರಾಮಕೃಷ್ಣ ಹೆಗಡೆಯವರ ತರುವಾಯ 1988ರ ಆಗಸ್ಟಿನಲ್ಲಿ ಬೊಮ್ಮಾಯಿಯವರು ಕರ್ನಾಟಕದ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರು ಕೇಂದ್ರಕ್ಕೆ ವರದಿ ಕಳುಹಿಸಿದರು. ಆ ಶಾಸಕರಲ್ಲಿ 7 ಮಂದಿ ತಾವು ಸರ್ಕಾರದ ಪರವೇ ಎಂದು ಕೂಡಲೇ ಬರೆದುಕೊಟ್ಟರು. ವಿಧಾನಸಭೆಯಲ್ಲಿ ಬಹುಮತ ತೋರಿಸಲು ಸಿದ್ಧನೆಂದು ಮುಖ್ಯಮಂತ್ರಿಗಳು ಹೇಳಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ಘೋಷಣೆ ಹೊರಟು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಗೊಂಡಿತು. ರಾಜ್ಯದ ಉಚ್ಚ ನ್ಯಾಯಾಲಯ ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು.

ಕೊನೆಗೆ 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಅದರಲ್ಲಿ ಮೂರು ಮಾತುಗಳು ಮುಖ್ಯ. ಒಂದು, ಮಂತ್ರಿಗಳು ಏನು ಸಲಹೆಯಿತ್ತರೆಂದು ನ್ಯಾಯಾಲಯ ಕೇಳುವಂತಿಲ್ಲ; ಆದರೆ ಘೋಷಣೆಗೆ ಯಾವ ಆಧಾರಗಳಿದ್ದವೆಂದು ಪರೀಕ್ಷಿಸಬಹುದು. ಎರಡು, ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ಸದನದಲ್ಲಿ ತೀರ್ಮಾನವಾಗಬೇಕೇ ಹೊರತು ರಾಜ್ಯಪಾಲರ ಸ್ವಂತ ಅಂದಾಜಿನಿಂದಲ್ಲ. ಮೂರು, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದು. ಕರ್ನಾಟಕದ ಘೋಷಣೆ ಸಂವಿಧಾನಬಾಹಿರವೆಂದು ನಿರ್ಣಯವಾಯಿತು. ಆದರೆ 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ವಜಾ ಮಾಡಿದ ಘೋಷಣೆಗಳನ್ನು ಇದೇ ತೀರ್ಪು ಎತ್ತಿಹಿಡಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೊಮ್ಮಾಯಿಯವರಿಗೆ ಬಹುಮತವಿತ್ತೆ ಎಂಬ ಲೆಕ್ಕವನ್ನು ನ್ಯಾಯಾಧೀಶರು ತಾವೇ ಮಾಡಹೊರಡಲಿಲ್ಲ. ಅದನ್ನು ಮಾಡಬೇಕಾದವರು ಯಾರೆಂಬುದನ್ನಷ್ಟೇ ಹೇಳಿದರು. ಕಾರ್ಯಾಂಗ ಕಿತ್ತುಕೊಂಡಿದ್ದ ಕೆಲಸವನ್ನು ನ್ಯಾಯಾಂಗ ತನ್ನದಾಗಿಸಿಕೊಳ್ಳದೆ ಶಾಸಕಾಂಗಕ್ಕೆ ಮರಳಿಸಿತು. ಆರಿಸಿಬಂದವರ ಹಕ್ಕನ್ನು ಆರಿಸಿಬರದವರು ಕಾಯ್ದರು. ನನ್ನ ಮಿತ್ರರ ಪ್ರಶ್ನೆಗೆ ಇದೇ ಉತ್ತರ.

ಆದರೂ ಒಂದು ಕೊರತೆ ಉಳಿಯಿತು. ತೀರ್ಪು ಬರುವಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿತ್ತು. 1989ರಲ್ಲಿಯೇ ಹೊಸ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ಗೆದ್ದ ಬೊಮ್ಮಾಯಿಯವರಿಗೆ ಪದವಿಯೂ, ಅವರನ್ನು ಆರಿಸಿದ ಜನರಿಗೆ ಆ ವಿಧಾನಸಭೆಯೂ ಮರಳಲಿಲ್ಲ. ಹೊತ್ತು ಮೀರಿ ಬಂದ ತಡೆ ಮುಂದಿನವರಿಗೆ ನೆರವಾದೀತು, ನೊಂದವರಿಗಲ್ಲ.

ಆ ನೆರವು 2018ರಲ್ಲಿ ಕಂಡಿತು. ಆ ವರ್ಷ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ. ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. 19ರ ಸಂಜೆ 4 ಗಂಟೆಗೇ ಅದನ್ನು ಸದನದಲ್ಲಿ ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 18ರಂದು ಆಜ್ಞಾಪಿಸಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಘೋಷಿಸಿದರು. ಹಿಂದೆ ಐದು ವರ್ಷ ಹಿಡಿದ ಪ್ರಶ್ನೆ ಈಗ ಮೂರೇ ದಿನದಲ್ಲಿ ಇತ್ಯರ್ಥವಾಯಿತು.

ಮೂರು ಅಂಗಗಳ ಸಮತೋಲ ಪಠ್ಯಪುಸ್ತಕದ ಚಿತ್ರದಂತೆ ನಿಶ್ಚಲವಾದುದಲ್ಲ. ಯಾರಾದರೂ ಪ್ರಶ್ನಿಸಿದಾಗ, ಅದೂ ಹೊತ್ತಿಗೆ ಸರಿಯಾಗಿ ಪ್ರಶ್ನಿಸಿದಾಗ ಮಾತ್ರ ಅದು ನಿಲ್ಲುತ್ತದೆ. ನಾಳೆ ಮತದಾರರಾಗುವ ನಾವು, ಸರ್ಕಾರ ಬಿತ್ತೆಂಬ ಸುದ್ದಿ ಓದಿದಾಗ, ಯಾರು ಗೆದ್ದರೆಂದು ಕೇಳುವ ಮೊದಲು ಲೆಕ್ಕ ಎಲ್ಲಿ ನಡೆಯಿತೆಂದು ಕೇಳುವುದನ್ನು ಕಲಿಯೋಣ.